ಹಣ ಮುಗಿದ ಮೇಲೆ ಕ್ಯಾಸೆಟ್ಟು ಯಾರ ಮನೆಯಲ್ಲಿ?

ಈ ಕ್ಯಾಸೆಟ್ಟು ನೋಡಿ. ಅರವತ್ತು ನಿಮಿಷದ್ದು. ಮೇಲಿನ ಚೀಟಿಯಲ್ಲಿ ನನ್ನ ಕೈಬರಹವಿದೆ: ‘ನಾಟಿ ಹಾಡು, ಎ ಬದಿ ಮೂರು, ಬಿ ಬದಿ ಎರಡು.’ ಅಷ್ಟೇ. ಹಾಡಿದವರ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ಬರೆದಾಗ ನನಗೆ ಎಲ್ಲವೂ ಬಾಯಿಪಾಠವಾಗಿತ್ತು. ಯಾವ ಗದ್ದೆಯ ಬದು, ಯಾರ ಮನೆಯ ಜಗುಲಿ, ಹಾಡು ನಡುವೆ ಯಾಕೆ ನಿಂತಿತು, ಯಾವುದೂ ಮರೆತಿರಲಿಲ್ಲ. ಮರೆಯುತ್ತೇನೆ ಅಂತ ಆ ವಯಸ್ಸಿನಲ್ಲಿ ಅನಿಸುವುದಿಲ್ಲ.

ತೊಂಬತ್ತರ ದಶಕದ ಶುರು. ನಾನು ಕಾಲೇಜಿನಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದೆ. ಒಂದು ಸಂಸ್ಥೆಗೆ ಹೊರದೇಶದ ಪ್ರತಿಷ್ಠಾನದಿಂದ ಜಾನಪದ ಸಂಗ್ರಹಕ್ಕೆ ಅನುದಾನ ಬಂದಿತ್ತು. ನಮಗೆ ಟೇಪ್‌ರೆಕಾರ್ಡರ್ ಕೊಟ್ಟರು, ಕ್ಯಾಸೆಟ್ಟು ಕೊಟ್ಟರು, ಬಸ್ ಚಾರ್ಜು ಕೊಟ್ಟರು. ಸಾಗರ, ಸೊರಬದ ಕಡೆ ಊರೂರು ಸುತ್ತಿದೆವು. ದೀಪಾವಳಿಯಲ್ಲಿ ದೀಪ ಹಿಡಿದು ಹಾಡುತ್ತ ಮನೆಮನೆಗೆ ಹೋಗುವ ಅಂಟಿಗೆ ಪಂಟಿಗೆಯವರ ಹಿಂದೆ ಮೂರು ರಾತ್ರಿ ನಡೆದಿದ್ದೇನೆ. ದೀಪ ಆರಬಾರದು, ಮನೆಮನೆಯಲ್ಲಿ ಎಣ್ಣೆ ಹಾಕಿಸಿಕೊಂಡು ಮುಂದಕ್ಕೆ ಹೋಗಬೇಕು; ನನ್ನ ರೆಕಾರ್ಡರಿನ ಬ್ಯಾಟರಿ ಮಾತ್ರ ಎರಡನೇ ರಾತ್ರಿಗೇ ಮುಗಿಯಿತು. ಮಳೆಗಾಲದಲ್ಲಿ ನಾಟಿ ಹಾಡಿನ ಒಬ್ಬ ಅಜ್ಜಿ ಸಿಕ್ಕರು. ಹಾಡಿ ಮುಗಿಸಿದ ಮೇಲೆ ನಾನು ಹಿಂದಕ್ಕೆ ಸುತ್ತಿ ಅವರ ದನಿಯನ್ನು ಅವರಿಗೇ ಕೇಳಿಸಿದೆ. ಸುಮ್ಮನೆ ಕೂತು ಕೇಳಿದರು. ನಾನು ಹೊರಟಾಗ ಕೇಳಿದರು, ‘ಮೇಷ್ಟ್ರೇ, ಇದ್ನ ನಂಗೆ ಮತ್ತೆ ಯಾವಾಗ ಕೇಳಿಸ್ತೀರಿ?’ ‘ಬರ್ತೀನಿ ಅಜ್ಜಿ’ ಅಂದೆ.

ಹೋಗಲಿಲ್ಲ. ವರದಿ ಬರೆದೆವು, ಲೆಕ್ಕ ಒಪ್ಪಿಸಿದೆವು, ಹಣ ಬಳಸಿದ್ದಕ್ಕೆ ಕೊಡುವ ಪ್ರಮಾಣಪತ್ರ, ಯುಸಿ, ಹೋಯಿತು, ಯೋಜನೆ ಮುಗಿಯಿತು. ಕ್ಯಾಸೆಟ್ಟುಗಳು ಒಂದು ಬೀರುವಿಗೆ ಸೇರಿದವು. ಹದಿನೈದು ಹದಿನಾರು ವರ್ಷದ ಮೇಲೆ ಆ ಅಜ್ಜಿಯ ಮೊಮ್ಮಗ ನನ್ನನ್ನು ಹುಡುಕಿಕೊಂಡು ಬಂದ. ಅಜ್ಜಿ ತೀರಿಕೊಂಡಿದ್ದರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ಯಾರೋ ಮೇಷ್ಟ್ರು ಹಾಡು ಹಿಡಿದುಕೊಂಡು ಹೋಗಿದ್ದರು ಅಂತ ತಾಯಿ ಹೇಳಿದ್ದಳಂತೆ. ಇಬ್ಬರೂ ಹೋಗಿ ಆ ಬೀರು ತೆಗೆಸಿದೆವು. ಕೆಲವು ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಬಂದಿತ್ತು. ಕೆಲವು ಇರಲೇ ಇಲ್ಲ. ಉಳಿದವಲ್ಲಿ ಆ ಅಜ್ಜಿಯದು ಯಾವುದು ಅಂತ ಚೀಟಿ ನೋಡಿ ಹೇಳಲು ನನಗೆ ಆಗಲಿಲ್ಲ. ಹೆಸರು ಬರೆದಿದ್ದರೆ ಆಗುತ್ತಿತ್ತು. ಆ ಹುಡುಗ ನನಗೆ ಒಂದು ಮಾತೂ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಹೊರಟ.

ಅವತ್ತಿನಿಂದ ಯಾವ ಪ್ರತಿಷ್ಠಾನದ ಯಾವ ಅನುದಾನದ ಸುದ್ದಿ ಬಂದರೂ ನಾನು ಮೊದಲು ಕೇಳುವುದು ಇದನ್ನೇ: ಹಣ ಮುಗಿದ ಮೇಲೆ ಕ್ಯಾಸೆಟ್ಟು ಯಾರ ಮನೆಯಲ್ಲಿರುತ್ತದೆ? ಇವತ್ತು ನಿಮ್ಮ ಮುಂದೆ ಮಾತನಾಡಲು ಒಪ್ಪಿದ್ದೂ ಇದಕ್ಕಾಗಿಯೇ. ನಿಮ್ಮಲ್ಲಿ ಅನೇಕರು ಶಾಲೆಯ ಮೇಷ್ಟ್ರುಗಳು, ಸಂಶೋಧನೆ ಮಾಡುತ್ತಿರುವವರು, ಊರಿನ ಇತಿಹಾಸ ಬರೆಯಬೇಕು ಅಂತ ಹೊರಟವರು. ಅರ್ಜಿ ಹಾಕುವುದು ಹೇಗೆ ಅಂತ ಕೇಳಲು ಬಂದಿದ್ದೀರಿ. ಅದನ್ನೂ ಹೇಳುತ್ತೇನೆ. ಅದಕ್ಕೆ ಮೊದಲು, ಈ ಹಣ ಏಷ್ಯಾದಲ್ಲಿ ಹೇಗೆ ಬಂತು, ಎಲ್ಲಿ ಬೇರು ಬಿಟ್ಟಿತು ಅನ್ನುವುದನ್ನು ಸ್ವಲ್ಪ ನೋಡೋಣ.

ಅಮೆರಿಕದ ಪ್ರತಿಷ್ಠಾನವಾದ ಫೋರ್ಡ್ ಫೌಂಡೇಶನ್ 1952ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ಅಮೆರಿಕದ ಹೊರಗೆ ಅದರ ಮೊದಲ ಕಚೇರಿ ಅದು. ಮೊದಲ ಕೆಲವು ದಶಕ ಅವರ ಗಮನವೆಲ್ಲ ಬೇಸಾಯ, ಗ್ರಾಮಾಭಿವೃದ್ಧಿ, ಕುಟುಂಬ ಯೋಜನೆ. ಹಾಡು, ಕುಣಿತ, ಕತೆಗಳ ಕಡೆ ದೊಡ್ಡದಾಗಿ ತಿರುಗಿದ್ದು ಎಂಬತ್ತರ ದಶಕದಲ್ಲಿ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರಕ್ಕೆ ಫೋರ್ಡ್ ಹಣ ಬಂದದ್ದು ಆಗ. ತಮಿಳುನಾಡಿನ ಪಾಳಯಂಕೋಟೆಯ ಸೇಂಟ್ ಝೇವಿಯರ್ಸ್ ಕಾಲೇಜಿನ ಜಾನಪದ ಕೇಂದ್ರಕ್ಕೂ, ರಾಜಸ್ಥಾನದ ಬೋರುಂದಾದಲ್ಲಿ ಕೋಮಲ್ ಕೊಠಾರಿ ಮತ್ತು ವಿಜಯದಾನ್ ದೇಥಾ 1960ರಲ್ಲೇ ಶುರುಮಾಡಿದ್ದ ರೂಪಾಯನ ಸಂಸ್ಥಾನಕ್ಕೂ ಬಂತು. 1997ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ರಾಷ್ಟ್ರೀಯ ಜಾನಪದ ನೆರವು ಕೇಂದ್ರವೂ ಇದೇ ಸಾಲಿನದು.

ಇಲ್ಲಿ ಒಂದು ವಿಷಯ ಗಮನಿಸಿ. ಹಣ ಅಮೆರಿಕದ್ದಾದರೂ ಬೋರುಂದಾದಲ್ಲಿ ಕೋಮಲ್ ಕೊಠಾರಿ ಮೊದಲೇ ಇದ್ದರು. ಲಂಗಾ, ಮಾಂಗಣಿಯಾರ್ ಹಾಡುಗಾರರ ಮನೆಗಳಲ್ಲಿ ಕೂತು ಎದ್ದು, ಯಾರ ಮದುವೆಯಲ್ಲಿ ಯಾರು ಹಾಡಬೇಕು ಅನ್ನುವುದನ್ನೆಲ್ಲ ತಿಳಿದುಕೊಂಡಿದ್ದರು. ಉಡುಪಿಯಲ್ಲಿ ಭಟ್ಟರು ಅನುದಾನ ಬರುವ ಎಷ್ಟೋ ಮೊದಲೇ ಯಕ್ಷಗಾನಕ್ಕಾಗಿ ಓಡಾಡಿದವರು. ನಮ್ಮ ಹೆಗ್ಗೋಡಿನ ನೀನಾಸಂ 1949ರಲ್ಲಿ ಹುಟ್ಟಿದ್ದು. ಅಲ್ಲಿಗೆ ಫೋರ್ಡ್ ನೆರವು ಬಂದದ್ದು ಮೂವತ್ತು ಚಿಲ್ಲರೆ ವರ್ಷಗಳ ಮೇಲೆ, ಎಂಬತ್ತರ ದಶಕದ ‘ಜನಸ್ಪಂದನ’ ಯೋಜನೆಗೆ. ಆ ಯೋಜನೆಯಲ್ಲಿ ಊರೂರಲ್ಲಿ ನಾಟಕ ಶಿಬಿರ, ಸಿನಿಮಾ ರಸಗ್ರಹಣ ಶಿಬಿರ ನಡೆದವು. ಅನುದಾನದ ಅವಧಿ ಕೆಲವೇ ವರ್ಷದ್ದು. ಆದರೆ ಊರುಗಳಲ್ಲಿ ನಾಟಕ ನೋಡುವವರು, ಆಡುವವರು ಇದ್ದಾರೆ ಅನ್ನುವುದು ಗಟ್ಟಿಯಾಯಿತು, 1985ರಲ್ಲಿ ತಿರುಗಾಟ ಶುರುವಾಯಿತು, ಇವತ್ತಿಗೂ ಆ ತಂಡ ನಿಮ್ಮ ಊರಿಗೆ ಬರುತ್ತದೆ, ನೀವು ಟಿಕೆಟ್ಟು ಕೊಂಡು ನೋಡುತ್ತೀರಿ. ಬೇರು ಮೊದಲೇ ಇದ್ದ ಕಡೆ ಹಣ ನೀರಿನಂತೆ ಇಳಿಯಿತು. ಹಣ ಬರುತ್ತದೆ ಅಂತಲೇ ಹುಟ್ಟಿದ ಕೇಂದ್ರಗಳನ್ನೂ ನಾನು ನೋಡಿದ್ದೇನೆ. ಅವುಗಳ ಹೆಸರು ಹೇಳುವುದು ಬೇಡ. ಯೋಜನೆ ಮುಗಿದ ತಿಂಗಳಿಗೆ ಅಲ್ಲಿ ಕೆಲಸಕ್ಕಿದ್ದ ಹುಡುಗರು ಬೇರೆ ಕೆಲಸ ಹುಡುಕಿಕೊಂಡರು, ಕೋಣೆಗೆ ಬೀಗ ಬಿತ್ತು.

ತುಳುನಾಡಿನ ಸಿರಿ ಪಾಡ್ದನದ, ಅಂದರೆ ಸಿರಿಯ ಕತೆ ಹೇಳುವ ತುಳು ಹಾಡಿನ, ವಿಚಾರ ನಿಮಗೆ ಗೊತ್ತಿರಬಹುದು. ಹಿರಿಯಡ್ಕ, ಕವತ್ತಾರುಗಳ ಸಿರಿ ಜಾತ್ರೆಯಲ್ಲಿ ನೂರಾರು ಹೆಂಗಸರ ಮೈಮೇಲೆ ಸಿರಿ, ಅವಳ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಆ ಆಚರಣೆಯಲ್ಲಿ ಹಿರಿಯರಾಗಿ ನಿಲ್ಲುತ್ತಿದ್ದವರು, ರೈತರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅವರ ಪತ್ನಿ ಅನ್ನೇಲಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಗೋಪಾಲ ನಾಯ್ಕರ ಮುಂದೆ ಕೂತು ದಿನಗಟ್ಟಲೆ ಹಾಡು ಕೇಳಿ ದಾಖಲಿಸಿದರು. ಎಣಿಸಿದಾಗ 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟವಾಗಿ ಬಂತು. ಒಬ್ಬ ತುಳು ರೈತರ ನಾಲಿಗೆಯ ಮೇಲೆ ಇಷ್ಟು ದೊಡ್ಡ ಕಾವ್ಯ ಇದೆ ಅಂತ ಜಗತ್ತಿನ ವಿದ್ವಾಂಸರು ಒಪ್ಪಿಕೊಂಡರು. ಇದು ಸಣ್ಣ ಸಾಧನೆಯಲ್ಲ. ಅದರ ಬಗ್ಗೆ ನನಗಿರುವ ಗೌರವ ದೊಡ್ಡದು.

ಆದರೂ ಆ ಸಂಪುಟದಲ್ಲಿ ಒಂದು ಪುಟ ತುಳು ರೋಮನ್ ಲಿಪಿಯಲ್ಲಿದೆ, ಎದುರಿನ ಪುಟ ಇಂಗ್ಲಿಷ್. ವಿದ್ವತ್ತಿನ ಅಗತ್ಯಕ್ಕೆ ಅದು ಸರಿ. ಸಿರಿ ಜಾತ್ರೆಗೆ ಹೋಗುವ ಹೆಂಗಸೊಬ್ಬಳು ಆ ಪುಸ್ತಕವನ್ನು ಕೈಗೆ ತೆಗೆದುಕೊಂಡರೆ ಏನು ಓದಿಯಾಳು? ಅವಳಿಗೆ ಕನ್ನಡ ಅಕ್ಷರ ಗೊತ್ತಿದೆ. ಹಾಗಾಗಿ ಅನುದಾನದ ಅರ್ಜಿ ಬರೆಯುವಾಗಲೇ ಎರಡನೇ ಪುಸ್ತಕಕ್ಕೂ ಹಣ ಇಡಬೇಕು ಅನ್ನುತ್ತೇನೆ ನಾನು. ಒಂದು ವಿದ್ವಾಂಸರಿಗೆ, ಇನ್ನೊಂದು ಹಾಡಿದವರ ಮನೆಗೆ, ದಪ್ಪ ಅಕ್ಷರದಲ್ಲಿ, ಅಗ್ಗದ ಕಾಗದದಲ್ಲಾದರೂ ಆಗಲಿ.

ದನಿ ಊರಿಗೆ ವಾಪಸು ಬಂದ ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ಆರ್ನಾಲ್ಡ್ ಬಾಕೆ ಅಂತ ಡಚ್ ವಿದ್ವಾಂಸರು. 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಕಡೆ ಬಂದು ಹಾಡು ಕುಣಿತಗಳ ಧ್ವನಿ ಹಿಡಿದರು, ಮೂಕಿ ಫಿಲ್ಮು ತೆಗೆದರು. ಆ ಕಾಲದ ಯಂತ್ರದ ಭಾರ ಊಹಿಸಿಕೊಳ್ಳಿ. ಅವರ ಸಂಗ್ರಹ ಯುರೋಪಿಗೆ ಹೋಯಿತು. ನಲವತ್ತಾರು ವರ್ಷದ ನಂತರ, 1984ರಲ್ಲಿ, ನಝೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹಿಡಿದುಕೊಂಡು ಅದೇ ಊರುಗಳನ್ನು ಹುಡುಕಿ ಬಂದರು. ಯಾವ ಹಾಡು ಉಳಿದಿದೆ, ಯಾವುದು ಬದಲಾಗಿದೆ, ಯಾವುದು ಹೋಗಿದೆ ಅಂತ ಊರವರ ಜೊತೆ ಕೂತು ನೋಡಿದರು. ಈ ಜೈರಾಜ್‌ಭಾಯ್ ಅವರೇ 1982ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಅಡಿಯಲ್ಲಿ ಎಆರ್‌ಸಿಇ ಎಂಬ ಸಂಗೀತ ಸಂಗ್ರಹಾಲಯ ಶುರುವಾಗಲು ದುಡಿದವರು. ಈಗ ಅದು ಗುರುಗ್ರಾಮದಲ್ಲಿದೆ. ಹೊರದೇಶದ ಸಂಶೋಧಕರು ಇಲ್ಲಿ ಹಿಡಿದ ದನಿಯ ಪ್ರತಿ ಇಲ್ಲಿಯೂ ಇರಬೇಕು ಅನ್ನುವುದು ಅದರ ಹುಟ್ಟಿನ ಉದ್ದೇಶಗಳಲ್ಲಿ ಒಂದು. ಅದಕ್ಕೂ ಫೋರ್ಡ್ ನೆರವು ಸಿಕ್ಕಿದೆ. ಬಾಕೆ ಅವರ ಮುದ್ರಣಗಳ ಪ್ರತಿಯೂ ಅಲ್ಲಿದೆ.

ಈಗ ನಿಮ್ಮನ್ನು ಲಾವೋಸಿಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಮನಸ್ಸಿಗೆ ತುಂಬ ಹತ್ತಿರದ ಕೆಲಸ ಅಲ್ಲಿಯದು.

ಟೊಯೋಟಾ ಅಂದರೆ ನಮಗೆ ಬಿಡದಿಯ ಕಾರ್ಖಾನೆ. ಆ ಕಂಪನಿ 1974ರಲ್ಲಿ ಜಪಾನಿನಲ್ಲಿ ಟೊಯೋಟಾ ಫೌಂಡೇಶನ್ ಅಂತ ಒಂದನ್ನು ಹುಟ್ಟುಹಾಕಿತು. ಅವರು ಮಾಡಿದ ಒಂದು ಕೆಲಸ, ನೆರೆಯ ಏಷ್ಯಾದ ದೇಶಗಳ ಸಾಹಿತ್ಯವನ್ನು ಜಪಾನೀ ಭಾಷೆಗೆ ಅನುವಾದ ಮಾಡಿಸಿದ್ದು. ನೆರೆಯವರನ್ನು ತಿಳಿಯೋಣ ಅಂತಲೇ ಅದಕ್ಕೆ ಹೆಸರಿಟ್ಟರು. ಇನ್ನೊಂದು, 1979ರಿಂದ ಶುರುಮಾಡಿದ ಸಂಶೋಧನಾ ಸ್ಪರ್ಧೆ: ಜನ ತಮ್ಮ ಸುತ್ತಲಿನ ಪರಿಸರವನ್ನು ತಾವೇ ಅಧ್ಯಯನ ಮಾಡಬೇಕು. ಪ್ರಾಧ್ಯಾಪಕರು ಬೇಕಾದರೆ ಜೊತೆಗಿರಲಿ, ಪ್ರಶ್ನೆ ಮಾತ್ರ ಊರವರದು. ಮೊದಲು ಸಣ್ಣ ಮೊತ್ತ ಕೊಟ್ಟು ಪ್ರಾಥಮಿಕ ಅಧ್ಯಯನ ಮಾಡಿಸಿ, ಕಸುವು ಕಂಡ ತಂಡಕ್ಕೆ ಮುಂದಿನ ಹಣ ಕೊಡುವ ಕ್ರಮ. ನಮ್ಮಲ್ಲಿಯೂ ಯಾರಾದರೂ ಹೀಗೆ ಮಾಡಬಾರದೇ ಅಂತ ನನಗೆ ಬಹಳ ಸಲ ಅನಿಸಿದೆ.

ಲಾವೋಸಿನ ವಿಚಾರಕ್ಕೆ ಬರುತ್ತೇನೆ. ಅಲ್ಲಿನ ಬೌದ್ಧ ವಿಹಾರಗಳಲ್ಲಿ ತಾಳೆಗರಿ ಗ್ರಂಥಗಳು ರಾಶಿ ಇದ್ದವು. ಬರೀ ಧರ್ಮಗ್ರಂಥವಲ್ಲ, ಔಷಧ, ಕಾನೂನು, ಜ್ಯೋತಿಷ, ಕತೆ, ಊರಿನ ಇತಿಹಾಸ ಎಲ್ಲ ಇದ್ದವು. ಯುದ್ಧ ಕಂಡ ದೇಶ, ಬಡ ದೇಶ. ಎಂಬತ್ತರ ದಶಕದ ಕೊನೆಯಲ್ಲಿ ಟೊಯೋಟಾ ಫೌಂಡೇಶನ್ನಿನ ನೆರವಿನಲ್ಲಿ ವಿಹಾರ ವಿಹಾರಕ್ಕೆ ಹೋಗಿ ಪಟ್ಟಿ ಮಾಡುವ ಕೆಲಸ ಶುರುವಾಯಿತು. 1992ರಿಂದ ಜರ್ಮನಿಯ ವಿದೇಶಾಂಗ ಸಚಿವಾಲಯದ ಹಣದಲ್ಲಿ ಇಡೀ ದೇಶಕ್ಕೆ ಅದು ಹಬ್ಬಿತು. ಲಾವೋಸಿನವರೇ ಆದ ದಾರಾ ಕಾನ್ಲಾಯಾ ಅದನ್ನು ಮುನ್ನಡೆಸಿದರು. 800ಕ್ಕೂ ಹೆಚ್ಚು ವಿಹಾರ ನೋಡಿದರು, ಸುಮಾರು 86,000 ಗ್ರಂಥಗಳ ಜೋಪಾನದ ವ್ಯವಸ್ಥೆ ಮಾಡಿದರು, ಅವುಗಳಲ್ಲಿ ಸುಮಾರು 12,000 ಗ್ರಂಥಗಳನ್ನು ಮೈಕ್ರೋಫಿಲ್ಮ್ ಮಾಡಿದರು.

ಇಷ್ಟೆಲ್ಲ ಗ್ರಂಥಗಳನ್ನು ಮೂಟೆ ಕಟ್ಟಿ ರಾಜಧಾನಿ ವಿಯಂಟಿಯಾನಿಗೆ ಸಾಗಿಸಬಹುದಿತ್ತು. ಸಾಗಿಸಲಿಲ್ಲ. ಯಾವ ವಿಹಾರದ್ದು ಆ ವಿಹಾರದಲ್ಲಿಯೇ ಉಳಿಯಬೇಕು ಅಂತ ನಿಶ್ಚಯಿಸಿದರು. ಭಿಕ್ಷುಗಳೂ ಊರವರೂ ಸೇರಿ ಗರಿಗಳ ಧೂಳು ಒರೆಸಿದರು, ಚೆಲ್ಲಾಪಿಲ್ಲಿಯಾದ ಗರಿಗಳನ್ನು ಜೋಡಿಸಿ ಕಟ್ಟಿದರು, ಬಟ್ಟೆಯಲ್ಲಿ ಸುತ್ತಿದರು, ಪೆಟ್ಟಿಗೆ ಬೀರುಗಳಲ್ಲಿ ಇಟ್ಟರು. ಆ ಹಳೆಯ ಲಿಪಿ ಓದಬಲ್ಲವರು ಕಡಿಮೆಯಾಗಿದ್ದರಿಂದ ತರಬೇತಿಯನ್ನೂ ಕೊಟ್ಟರು. ಗ್ರಂಥ ಬರೆಸುವುದು, ಅದಕ್ಕೆ ಬಟ್ಟೆ ನೇಯ್ದು ಕೊಡುವುದು ಅಲ್ಲಿ ಪುಣ್ಯದ ಕೆಲಸ. ಹಾಗಾಗಿ ಹೊರಗಿನ ಹಣದಲ್ಲಿ ನಡೆದ ಸಂರಕ್ಷಣೆ ಊರವರ ಕಣ್ಣಿಗೆ ತಮ್ಮದೇ ವ್ರತ ಮುಂದುವರಿದ ಹಾಗೆ ಕಂಡಿತು. ಆಮೇಲೆ ಮೈಕ್ರೋಫಿಲ್ಮುಗಳನ್ನು ಡಿಜಿಟಲ್ ಮಾಡಿದರು. 2009ರಿಂದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪ್ರತಿ ಜಗತ್ತಿಗೆ ಸಿಕ್ಕಿತು, ಮೂಲ ಊರಲ್ಲಿ ಉಳಿಯಿತು.

ನಮ್ಮ ಮೂಡುಬಿದಿರೆಯನ್ನು ನೆನಪಿಸಿಕೊಳ್ಳಿ. ಧವಳ, ಜಯಧವಳ ಎಂಬ ಜೈನ ಗ್ರಂಥಗಳು ಪ್ರಾಕೃತ ಭಾಷೆಯವು, ಹಳಗನ್ನಡ ಲಿಪಿಯವು. ಅವು ನೂರಾರು ವರ್ಷ ಉಳಿದಿದ್ದು ಅಲ್ಲಿಯ ಬಸದಿಯಲ್ಲಿ, ಪೂಜೆಗೊಳ್ಳುತ್ತ. ಸಮುದಾಯ ಕಾಪಾಡಿದ್ದರಿಂದ ಉಳಿದವು. ಪ್ರತಿ ತೆಗೆದು ಹೊರಗೆ ಓದುವಂತಾಗಲು ತುಂಬ ಕಾಲ ಹಿಡಿಯಿತು. ಕಾಯುವುದು, ಓದುವುದು ಎರಡೂ ಬೇಕು. ಲಾವೋಸಿನವರು ಎರಡನ್ನೂ ಒಂದೇ ಕೆಲಸವಾಗಿ ಮಾಡಿದರು ಅಂತ ನನಗೆ ಅವರ ಮೇಲೆ ಪ್ರೀತಿ.

ಈ ಬುದ್ಧಿ ಈಗ ಕೆಲವು ದೊಡ್ಡ ಪ್ರತಿಷ್ಠಾನಗಳ ನಿಯಮದಲ್ಲಿಯೇ ಸೇರಿದೆ. ಲಿಸ್ಬೆಟ್ ರೌಸಿಂಗ್ ಮತ್ತು ಪೀಟರ್ ಬಾಲ್ಡ್ವಿನ್ ಕಟ್ಟಿದ ಆರ್ಕೇಡಿಯಾ ಅನ್ನುವ ನಿಧಿಯ ಹಣದಲ್ಲಿ ಬ್ರಿಟಿಷ್ ಲೈಬ್ರರಿ 2004ರಿಂದ ಅಪಾಯದಂಚಿನ ದಾಖಲೆಗಳ ಯೋಜನೆ ನಡೆಸುತ್ತಿದೆ. ಮೂಲ ದಾಖಲೆ ದೇಶ ಬಿಡುವಂತಿಲ್ಲ, ಡಿಜಿಟಲ್ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಇರಬೇಕು. ಅದೇ ಆರ್ಕೇಡಿಯಾ ಹಣದಲ್ಲಿ 2002ರಿಂದ ಅಳಿವಿನಂಚಿನ ಭಾಷೆಗಳ ದಾಖಲಾತಿಗೂ ಅನುದಾನ ಇದೆ. ಲಂಡನ್ನಿನಲ್ಲಿ ಶುರುವಾಗಿ ಈಗ ಬರ್ಲಿನ್ನಿನಲ್ಲಿ ನೆಲೆಸಿದೆ. ನಮ್ಮ ಕೊರಗ ಭಾಷೆಯಂಥವುಗಳ ಮೇಲೆ ಕೆಲಸ ಮಾಡುವವರು ಇಲ್ಲಿದ್ದರೆ ಆ ಕಡೆ ನೋಡಿ.

ಭಾಷೆಯ ಮಾತು ಬಂತು, ಒಂದು ನಿಮಿಷ ಆ ಕಡೆ ಹೋಗುತ್ತೇನೆ. 1961ರ ಜನಗಣತಿ 1,652 ತಾಯ್ನುಡಿಗಳ ಹೆಸರು ಕೊಟ್ಟಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರನ್ನೇ ಪಟ್ಟಿಯಲ್ಲಿ ಹಾಕುವುದು ನಿಂತಿತು. ಎಣಿಸದ ಭಾಷೆ ಇಲ್ಲದ ಭಾಷೆಯೇ ಆಯಿತಲ್ಲ. 2010ರಲ್ಲಿ ವಡೋದರದ ಭಾಷಾ ಸಂಸ್ಥೆ, ಗಣೇಶ ದೇವಿಯವರ ನೇತೃತ್ವದಲ್ಲಿ, ಜನರೇ ಮಾಡುವ ಭಾಷಾ ಸಮೀಕ್ಷೆ ಶುರುಮಾಡಿತು. ಹಣ ಜಮ್‌ಶೆಟ್‌ಜಿ ಟಾಟಾ ಟ್ರಸ್ಟಿನದು. ಭಾಷಾವಿಜ್ಞಾನಿಗಳ ಜೊತೆ ಮೇಷ್ಟ್ರುಗಳು, ಲೇಖಕರು, ಆ ಭಾಷೆ ಆಡುವವರೇ ಬರೆದರು. 780 ಭಾಷೆ ಸಿಕ್ಕಿದವು. ಮುಂಬಯಿಯಲ್ಲಿ ಅರ್ಜುನ್ ಅಪ್ಪಾದುರೈ ಶುರುಮಾಡಿದ ಪುಕಾರ್ ಸಂಸ್ಥೆ ಚಾಳು, ಕೊಳೆಗೇರಿಗಳ ಹುಡುಗ ಹುಡುಗಿಯರನ್ನೇ ಗುಂಪು ಮಾಡಿ ತಮ್ಮ ಓಣಿಯ ಬಗ್ಗೆ ಸಂಶೋಧನೆ ಮಾಡಿಸಿತು. ‘ಬರಿಗಾಲ ಸಂಶೋಧಕರು’ ಅಂತ ಅವರನ್ನು ಕರೆದರು. ಸಂಶೋಧನೆ ಮಾಡುವುದು ಒಂದು ಹಕ್ಕು ಅನ್ನುವುದು ಅಪ್ಪಾದುರೈ ಅವರ ವಾದ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಆ ಅಜ್ಜಿಯ ಮೊಮ್ಮಗನ ಕೈಯಲ್ಲಿ ರೆಕಾರ್ಡರ್ ಇದ್ದಿದ್ದರೆ ಅಜ್ಜಿಯ ಹೆಸರು ಬರೆಯಲು ಅವನು ಮರೆಯುತ್ತಿದ್ದನೇ?

ಹೊರದೇಶದ ಹಣ ಅಂದರೆ ಅವರ ಉದ್ದೇಶವೂ ಜೊತೆಗೆ ಬರುತ್ತದೆ ಅಂತ ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿದ್ದೀರಿ. ಆ ಅನುಮಾನ ಇರಬೇಕಾದದ್ದೇ. ಪ್ರಶ್ನೆಯನ್ನು ಯಾರು ಕೇಳಿದರು, ಉತ್ತರವನ್ನು ಯಾರು ಇಟ್ಟುಕೊಂಡರು, ಇವೆರಡನ್ನು ನೋಡಿ ನಿರ್ಧಾರ ಮಾಡಿ. ಕಾನೂನಿನ ಮಾತು ಬೇರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 1976ರಲ್ಲಿ ಬಂತು, 2010ರಲ್ಲಿ ಹೊಸದಾಯಿತು, 2020ರಲ್ಲಿ ಬಿಗಿಯಾಯಿತು. ಈಗ ದೇಣಿಗೆ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತದ ಖರ್ಚು ಮೊದಲು ಶೇಕಡಾ 50ರವರೆಗೆ ಇಡಬಹುದಿತ್ತು, ಈಗ ಶೇಕಡಾ 20. ಎಲ್ಲಕ್ಕಿಂತ ದೊಡ್ಡ ಬದಲಾವಣೆ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಿಂದೆ ಬೆಂಗಳೂರಿನ ದೊಡ್ಡ ಸಂಸ್ಥೆ ಅನುದಾನ ತಂದು ನಿಮ್ಮಂಥ ಊರಿನ ಸಂಘಕ್ಕೆ ಒಂದೋ ಎರಡೋ ಲಕ್ಷ ಕೊಡುತ್ತಿತ್ತು. ಸಣ್ಣ ಸಂಘಗಳು ಬದುಕಿದ್ದೇ ಹಾಗೆ. ಆ ದಾರಿ ಮುಚ್ಚಿತು. ಲೆಕ್ಕದ ಪಾರದರ್ಶಕತೆ ಬೇಕು, ಒಪ್ಪುತ್ತೇನೆ. ಹಳ್ಳಿಯ ಸಂಘಕ್ಕೆ ಪೆಟ್ಟು ಬಿದ್ದದ್ದೂ ನಿಜ, ಅದು ನನಗೆ ನೋವಿನ ವಿಷಯ. ಹೊರದೇಶದ ಹಣಕ್ಕೆ ಸಹಿ ಹಾಕುವ ಮೊದಲು ಲೆಕ್ಕಪರಿಶೋಧಕರೊಬ್ಬರನ್ನು ಕೇಳಿ.

ಹಾಗಾಗಿ ಒಳಗಿನ ಹಣದ ಕಡೆ ಹೆಚ್ಚು ನೋಡಬೇಕಾಗಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಹುಟ್ಟಿತು, 1995ರಿಂದ ಅನುದಾನ ಕೊಡುತ್ತಿದೆ. ಫೋರ್ಡಿನಲ್ಲಿ ಕೆಲಸ ಮಾಡಿ ಬಂದ ಅನ್ಮೋಲ್ ವೆಲ್ಲಾನಿ ಅದನ್ನು ಕಟ್ಟಿ ಮುನ್ನಡೆಸಿದರು. ಅಲ್ಲಿಗೆ ಅರ್ಜಿಯನ್ನು ಕನ್ನಡದಲ್ಲಿಯೇ ಹಾಕಬಹುದು, ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಶಾಲೆಯ ಮೇಷ್ಟ್ರುಗಳಿಗಾಗಿ ‘ಕಲಿ-ಕಲಿಸು’ ಎಂಬ ಕಾರ್ಯಕ್ರಮವೇ ಇದೆ. ಕಂಪನಿಗಳ ಸಿಎಸ್‌ಆರ್ ಹಣವೂ ಇದೆ: 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಆ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿ, ಸಾರ್ವಜನಿಕ ಗ್ರಂಥಾಲಯ ಎಲ್ಲ ಸೇರಿವೆ. ನನ್ನ ಅನುಭವದಲ್ಲಿ ಕಂಪನಿಗಳಿಗೆ ಕಟ್ಟಡ ಇಷ್ಟ, ಉತ್ಸವ ಇಷ್ಟ. ಹಾಡಿಗೆ ಕಲ್ಲು ನೆಡಲು ಬರುವುದಿಲ್ಲವಲ್ಲ. ಆದರೂ ಕೇಳಬೇಕು.

ಈಗ ಅರ್ಜಿ. ನೂರಾರು ಅರ್ಜಿ ಓದಿದ್ದೇನೆ, ಕೆಲವು ಸಮಿತಿಗಳಲ್ಲಿ ಕೂತಿದ್ದೇನೆ. ಹತ್ತರಲ್ಲಿ ಏಳು ಶುರುವಾಗುವುದು ‘ಜಾಗತೀಕರಣದ ಈ ಸಂದರ್ಭದಲ್ಲಿ ನಮ್ಮ ಸಂಸ್ಕೃತಿ ನಶಿಸುತ್ತಿದೆ’ ಅಂತ. ದಯವಿಟ್ಟು ಹಾಗೆ ಬರೆಯಬೇಡಿ. ‘ನಮ್ಮ ಊರಲ್ಲಿ ಅಂಟಿಗೆ ಪಂಟಿಗೆ ತಂಡ ಮೂರಿದ್ದವು, ಈಗ ಒಂದಿದೆ, ಅದರಲ್ಲಿ ಹಾಡು ಪೂರ್ತಿ ಬಲ್ಲವರು ಇಬ್ಬರು, ಒಬ್ಬರಿಗೆ ಎಪ್ಪತ್ತೆಂಟು ವರ್ಷ’ ಅಂತ ಬರೆಯಿರಿ. ನಿಮಗೆ ಗೊತ್ತಿರುವುದು ಅದೇ, ಬೇರೆ ಯಾರಿಗೂ ಗೊತ್ತಿರದಿರುವುದೂ ಅದೇ.

ಬಜೆಟ್ಟಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಒಂದು ಅರ್ಜಿಯಲ್ಲಿ ಕ್ಯಾಮೆರಾಗೆ ಒಂದೂವರೆ ಲಕ್ಷ ಇತ್ತು, ಜೀಪಿಗೆ ಎಪ್ಪತ್ತು ಸಾವಿರ ಇತ್ತು, ಹಾಡುವವರಿಗೆ ಶಾಲು, ಹಾರ, ಹಣ್ಣು ಇತ್ತು. ನಾಟಿಗೆ ಹೋಗುವ ಹೆಂಗಸು ನಿಮ್ಮ ಮುಂದೆ ಒಂದು ದಿನ ಕೂತು ಹಾಡಿದರೆ ಅವಳ ಒಂದು ದಿನದ ಕೂಲಿ ಹೋಯಿತು. ಶಾಲು ಹೊದ್ದರೆ ಒಲೆ ಉರಿಯುವುದಿಲ್ಲ. ಉಪನ್ಯಾಸಕರಿಗೆ ಕೊಡುವ ಗೌರವಧನದ ದರದಲ್ಲಿಯೇ ಅವಳಿಗೂ ಕೊಡಿ, ವೋಚರಿನಲ್ಲಿ ‘ವಿದ್ವಾಂಸರು’ ಅಂತಲೇ ಬರೆಯಿರಿ. ಆಮೇಲೆ, ಹಾಡನ್ನು ಅಕ್ಷರಕ್ಕೆ ಇಳಿಸುವ ಕೆಲಸ. ಒಂದು ಗಂಟೆಯ ಹಾಡು ಬರೆಯಲು ನನಗೆ ಹತ್ತು ಹನ್ನೆರಡು ಗಂಟೆ ಬೇಕಾಗುತ್ತಿತ್ತು; ಕಷ್ಟದ ಹಾಡಾದರೆ ಇನ್ನೂ ಹೆಚ್ಚು, ಹಾಡಿದವರ ಹತ್ತಿರವೇ ಹೋಗಿ ಈ ಪದ ಏನು ಅಂತ ಕೇಳಬೇಕು. ಆ ಎರಡನೇ, ಮೂರನೇ ಪ್ರಯಾಣಕ್ಕೆ ಯಾರೂ ಹಣ ಇಡುವುದಿಲ್ಲ. ಇಡಿ. ಆ ಪ್ರಯಾಣದಲ್ಲಿಯೇ ದನಿಯನ್ನು ವಾಪಸು ಕೊಡುವುದೂ ಆಗುತ್ತದೆ.

ಪ್ರತಿಗಳನ್ನೂ ಬಜೆಟ್ಟಿನಲ್ಲೇ ಬರೆಯಿರಿ. ಹಾಡಿದವರ ಮನೆಗೆ ಒಂದು. ಈಗ ಎಲ್ಲರ ಮನೆಯಲ್ಲಿ ಮೊಬೈಲ್ ಇದೆ, ಮೆಮೊರಿ ಕಾರ್ಡಿಗೆ ಹಾಕಿಕೊಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಂದು. ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲೂ ಒಂದು, ದಿನಾ ಎರಡು ಹೊತ್ತು ಊರವರೆಲ್ಲ ಬಂದು ಹೋಗುವ ಜಾಗ ಅದು. ಕೊನೆಯದಾಗಿ ಯಾವುದಾದರೂ ಗಟ್ಟಿ ಸಂಗ್ರಹಾಲಯಕ್ಕೆ. ಒಂದೇ ಹಾರ್ಡ್‌ಡಿಸ್ಕ್ ನಂಬಬೇಡಿ.

ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಮುದ್ರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡವರನ್ನು ಕಂಡಿದ್ದೇನೆ, ಅದು ಒಪ್ಪಿಗೆಯಲ್ಲ. ಅವರ ಮಾತಿನಲ್ಲೇ ಕೇಳಿ, ಅವರ ಉತ್ತರವನ್ನೇ ರೆಕಾರ್ಡ್ ಮಾಡಿ. ಸಾವಿನ ಮನೆಯಲ್ಲಿ ಹಾಡುವ ಹಾಡೊಂದನ್ನು ಒಬ್ಬ ತಾಯಿ ನನಗೆ ಹೇಳಿಕೊಟ್ಟರು. ‘ಇಟ್ಕೊಳ್ಳಿ, ಆದ್ರೆ ರೇಡಿಯೋಗೆ ಕೊಡಬೇಡಿ, ಸುಮ್‌ಸುಮ್ನೆ ಕೇಳೋ ಹಾಡಲ್ಲ ಅದು’ ಅಂದರು. ಇವತ್ತಿಗೂ ಎಲ್ಲೂ ಕೇಳಿಸಿಲ್ಲ. ಇದು ಎಲ್ಲರಿಗೂ, ಇದು ಕೇಳಿ ಪಡೆಯಬೇಕಾದದ್ದು ಅಂತ ಬೇರೆ ಬೇರೆ ಇಡುವ ವ್ಯವಸ್ಥೆ ಒಳ್ಳೆಯ ಸಂಗ್ರಹಾಲಯಗಳಲ್ಲಿ ಇರುತ್ತದೆ. ಕೊಡುವ ಮೊದಲು ವಿಚಾರಿಸಿ.

ಹಿಂದಿನ ಸಾಲಿನಲ್ಲಿ ಕೂತ ತಂಗಿಯೊಬ್ಬಳು ಆಗಲೇ ಚೀಟಿ ಕಳಿಸಿದ್ದಾಳೆ. ‘ಸರ್, ನಮ್ಮ ತಂದೆ ತಾಳಮದ್ದಳೆ, ಹಾಡು ಎಲ್ಲ ರೆಕಾರ್ಡ್ ಮಾಡುತ್ತಿದ್ದರು, ಅಟ್ಟದ ಮೇಲೆ ಟ್ರಂಕಿನಲ್ಲಿ ಎಪ್ಪತ್ತು ಎಂಬತ್ತು ಕ್ಯಾಸೆಟ್ಟಿವೆ. ಅನುದಾನ ಸಿಗುತ್ತದಾ? ಮೊದಲು ಏನು ಮಾಡಲಿ?’

ಸಿಗಬಹುದು, ಪ್ರಯತ್ನ ಮಾಡೋಣ, ಅರ್ಜಿ ಬರೆಯಲು ನಾನೂ ಕೂರುತ್ತೇನೆ. ಅಲ್ಲಿಯವರೆಗೆ ಟ್ರಂಕನ್ನು ಅಟ್ಟದಿಂದ ಇಳಿಸಿ, ನಮ್ಮ ಮಳೆಗಾಲದ ತೇವ ಅದಕ್ಕೆ ಆಗುವುದಿಲ್ಲ. ಹೊಗೆ, ಬಿಸಿಲು ಬೀಳದ ಒಳಕೋಣೆಯ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬೂಷ್ಟು ಬಂದದ್ದನ್ನು ಬೇರೆ ಇಡಿ, ಪ್ಲೇಯರಿಗೆ ಹಾಕಲೇಬೇಡಿ, ಅದು ಉಳಿದವಕ್ಕೂ ಹತ್ತುತ್ತದೆ. ಒಂದೊಂದಕ್ಕೂ ನಂಬರು ಕೊಟ್ಟು ನೋಟುಬುಕ್ಕಿನಲ್ಲಿ ಬರೆಯಿರಿ, ಚೀಟಿಯ ಫೋಟೋ ತೆಗೆಯಿರಿ. ನಿಮ್ಮ ತಂದೆಯ ಜೊತೆ ಆ ಆಟಕೂಟಗಳಿಗೆ ಹೋಗುತ್ತಿದ್ದವರು ಯಾರಾದರೂ ಇದ್ದರೆ ಈ ವಾರವೇ ಅವರ ಮನೆಗೆ ಹೋಗಿ ಆ ದನಿಗಳು ಯಾರವು ಅಂತ ಕೇಳಿ ಬರೆದುಕೊಳ್ಳಿ. ಇನ್ನೂ ಒಂದಿದೆ. ಕ್ಯಾಸೆಟ್ಟಿನ ಹಿಂದಿನ ಅಂಚಿನ ಎರಡು ಮೂಲೆಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡಿರುತ್ತವೆ, ಇಲ್ಲಿ ನೋಡಿ. ಅವೆರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಮುರಿದುಬಿಡಿ. ಆಮೇಲೆ ಮನೆಯ ಮಕ್ಕಳು ತಪ್ಪಿ ರೆಕಾರ್ಡಿನ ಕೆಂಪು ಗುಂಡಿ ಒತ್ತಿದರೂ ನಿಮ್ಮ ತಂದೆಯ ದನಿಯ ಮೇಲೆ ಬೇರೇನೂ ಕೂರುವುದಿಲ್ಲ.